ಓದಲು ಬಾರದವರ ಓದು

ಆ ಭಾನುವಾರ ಯಲಹಂಕ ನ್ಯೂಟೌನಿನ ಪಾರ್ಕೊಂದರಲ್ಲಿ ನಾವು ಹನ್ನೊಂದು ಜನ ಸೇರಿದ್ದೆವು. ನಮ್ಮದು ದೊಡ್ಡ ಬುಕ್ ಕ್ಲಬ್ ಏನಲ್ಲ. ಹೆಸರಿಲ್ಲ, ಅಧ್ಯಕ್ಷರಿಲ್ಲ, ಒಂದು ವಾಟ್ಸಾಪ್ ಗ್ರೂಪ್ ಇದೆ, ಅಷ್ಟೇ. ತಿಂಗಳಿಗೊಮ್ಮೆ ಅವರವರು ಓದಿದ ಪುಸ್ತಕ ತರೋದು, ಐದು ನಿಮಿಷ ಅದರ ಬಗ್ಗೆ ಮಾತಾಡೋದು, ಬೇಕಾದವರು ಅದನ್ನ ಮನೆಗೆ ಒಯ್ಯೋದು, ಆಮೇಲೆ ಎಲ್ಲರೂ ದೋಸೆ ತಿನ್ನೋಕೆ ಹೋಗೋದು. ಅವತ್ತು ಜಮಖಾನದ ಮೇಲೆ ತೇಜಸ್ವಿಯವರ ‘ಕರ್ವಾಲೊ’ ಇತ್ತು, ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಇತ್ತು, ಎರಡು ಇಂಗ್ಲಿಷ್ ಥ್ರಿಲ್ಲರ್ ಇದ್ದವು, ಸ್ಟಾರ್ಟಪ್ ಮಾಡೋದು ಹೇಗೆ ಅಂತ ಹೇಳಿಕೊಡುವ ಪುಸ್ತಕವೂ ಒಂದಿತ್ತು.

ಮೊದಲ ಸಲ ಬಂದಿದ್ದ ಹುಡುಗಿಯೊಬ್ಬಳು ‘ಹಾರ್ಟ್ ಲ್ಯಾಂಪ್’ ತಂದಿದ್ದಳು. ಗೊತ್ತಲ್ಲ, ಹಾಸನದ ಬಾನು ಮುಷ್ತಾಕ್ ಅವರ ಹನ್ನೆರಡು ಕಥೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ಪುಸ್ತಕ. 2025ರ ಮೇ ತಿಂಗಳಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಬಂತು. ಕನ್ನಡದ ಪುಸ್ತಕಕ್ಕೆ ಅದು ಮೊದಲ ಬೂಕರ್. ಆ ಹುಡುಗಿ ತುಂಬಾ ಚೆನ್ನಾಗಿ ಮಾತಾಡಿದಳು, ಅದೂ ಅಚ್ಚ ಬೆಂಗಳೂರು ಕನ್ನಡದಲ್ಲಿ. ಹುಟ್ಟಿ ಬೆಳೆದದ್ದೆಲ್ಲ ಆರ್.ಟಿ. ನಗರವಂತೆ. ಮಾತು ಮುಗಿದ ಮೇಲೆ ಒಬ್ಬರು ಕೇಳಿಬಿಟ್ಟರು: “ಕನ್ನಡದಲ್ಲೇ ಓದಬಹುದಿತ್ತಲ್ಲ?”

ಅವಳ ಮುಖ ಚಿಕ್ಕದಾಯಿತು. “ಮಾತಾಡ್ತೀನಿ, ಎಲ್ಲ ಅರ್ಥ ಆಗತ್ತೆ. ಓದಕ್ಕೆ ಬರಲ್ಲ. ಸ್ಕೂಲಲ್ಲಿ ಬೇರೆ ಲಾಂಗ್ವೇಜ್ ತಗೊಂಡಿದ್ದೆ” ಅಂದಳು. ಅವತ್ತು ಅವಳು ಯಾವ ಪುಸ್ತಕವನ್ನೂ ಒಯ್ಯಲಿಲ್ಲ, ದೋಸೆಗೂ ಬರಲಿಲ್ಲ. ಆ ಪ್ರಶ್ನೆ ಕೇಳಿದವನು ನಾನೇ.

ಮನೆಗೆ ಬಂದರೂ ಮನಸ್ಸಿಗೆ ಸಮಾಧಾನ ಇರಲಿಲ್ಲ. ನನ್ನ ಅಜ್ಜಿ ನೆನಪಾದರು. ದೊಡ್ಡಬಳ್ಳಾಪುರದ ಕಡೆಯ ಹಳ್ಳಿಯವರು. ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತುತ್ತಿದ್ದರು. ಆದರೆ ಭೀಮ ಕೀಚಕನನ್ನು ಹೇಗೆ ಕೊಂದ, ಉತ್ತರಕುಮಾರ ರಥದಿಂದ ಹಾರಿ ಹೇಗೆ ಓಡಿದ ಅನ್ನೋದನ್ನ ಅಡುಗೆಮನೆಯಲ್ಲಿ ಕೂತು, ಸೊಪ್ಪು ಬಿಡಿಸುತ್ತಾ, ಸಾಲು ಸಾಲು ಹೇಳುತ್ತಿದ್ದರು. ಊರಲ್ಲಿ ಭಾರತ ಓದುವುದನ್ನು ಚಿಕ್ಕಂದಿನಲ್ಲಿ ಕೇಳಿದ್ದಂತೆ. ಅವರಿಗೆ ಕುಮಾರವ್ಯಾಸ ಗೊತ್ತು ಅನ್ನಬೇಕಾ, ಗೊತ್ತಿಲ್ಲ ಅನ್ನಬೇಕಾ? ನನಗಿಂತ ಚೆನ್ನಾಗಿ ಗೊತ್ತಿತ್ತು ಅನ್ನೋದು ನಿಜ.

ಅಕ್ಷರ ಬಾರದವರು ಕನ್ನಡ ಸಾಹಿತ್ಯದ ಹೊರಗಿನವರು ಅನ್ನೋ ಭಾವನೆ ನಮ್ಮಲ್ಲಿ ಯಾವಾಗ ಬಂತು? ಇದಕ್ಕೆ ಉತ್ತರ ಹುಡುಕೋಕೆ ದೂರ ಹೋಗಬೇಕಿಲ್ಲ. ಹೆಬ್ಬಾಳದಿಂದಲೇ ಶುರು ಮಾಡಬಹುದು.

ಫ್ಲೈಓವರ್ ಮೇಲೆ ನಾವು ದಿನಾ ಅರ್ಧ ಗಂಟೆ ಕಳೆಯುತ್ತೀವಲ್ಲ, ಅದೇ ಹೆಬ್ಬಾಳದ ಹಳೆಯ ಊರಲ್ಲಿ 2018ರಲ್ಲಿ ನೆಲ ಅಗೆಯುವಾಗ ಒಂದು ವೀರಗಲ್ಲು ಸಿಕ್ಕಿತು. ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದ್ದು. ಕಿತ್ತಯ್ಯ ಎಂಬ ವೀರ ಹೋರಾಡಿ ಮಡಿದ ಸಂಗತಿ ಅದರಲ್ಲಿದೆ. ಬೆಂಗಳೂರಿನಲ್ಲಿ ಸಿಕ್ಕಿರುವ ಕನ್ನಡ ಶಾಸನಗಳಲ್ಲಿ ಇದು ಅತ್ಯಂತ ಹಳೆಯದು ಎನ್ನುತ್ತಾರೆ. ಊರಿನ ಹೆಸರನ್ನು ಹೇಳುವ ಬೇಗೂರಿನ ಪ್ರಸಿದ್ಧ ಶಾಸನಕ್ಕಿಂತ ನೂರು ವರ್ಷಕ್ಕೂ ಹೆಚ್ಚು ಹಳೆಯದು. ಇನ್ನೊಂದು ಲೆಕ್ಕ ಹಾಕಿ ನೋಡಿ: ನಮಗೆ ಸಿಕ್ಕಿರುವ ಕನ್ನಡದ ಮೊದಲ ಪುಸ್ತಕ ‘ಕವಿರಾಜಮಾರ್ಗ’ ಸುಮಾರು 850ರದ್ದು. ಅಂದರೆ ಕನ್ನಡದ ಮೊದಲ ಪುಸ್ತಕಕ್ಕಿಂತ ನೂರು ವರ್ಷ ಮೊದಲೇ ಹೆಬ್ಬಾಳದಲ್ಲಿ ಕನ್ನಡ ಬರೆದಿದ್ದರು!

ಆದರೆ ಬರೆದದ್ದು ಯಾರಿಗಾಗಿ? ಆ ಊರಲ್ಲಿ ಅಕ್ಷರ ಬಲ್ಲವರು ಎಷ್ಟು ಮಂದಿ ಇದ್ದಿರಬಹುದು? ಅದಕ್ಕೇ ನೋಡಿ, ವೀರಗಲ್ಲಿನಲ್ಲಿ ಅಕ್ಷರದ ಜೊತೆಗೆ ಚಿತ್ರವೂ ಇರುತ್ತದೆ. ಹೆಬ್ಬಾಳದ ಕಲ್ಲಿನಲ್ಲೂ ಆಯುಧ ಹಿಡಿದ ವೀರ ನಿಂತಿದ್ದಾನೆ. ಓದಲು ಬಂದವರು ಓದಿ ಹೇಳಬೇಕು, ಬಾರದವರು ನೋಡಿ, ಕೇಳಿ ತಿಳಿಯಬೇಕು. ಅಂಥ ಕಲ್ಲನ್ನು ಒಬ್ಬರೇ ಮೂಲೆಯಲ್ಲಿ ಕೂತು ಓದಲಿ ಅಂತ ಯಾರೂ ನೆಡುವುದಿಲ್ಲ.

‘ಕವಿರಾಜಮಾರ್ಗ’ವೂ ಇದೇ ದಿಕ್ಕಿನ ಮಾತು ಹೇಳುತ್ತದೆ. ಈ ನಾಡಿನ ಜನ ಪಟ್ಟು ಹಿಡಿದು ಓದದೆ ಇದ್ದರೂ ಕಾವ್ಯದ ವಿಷಯದಲ್ಲಿ ಜಾಣರು ಎಂಬ ಅದರ ಮಾತನ್ನು ನವೆಂಬರ್ ಬಂದಾಗಲೆಲ್ಲ ವೇದಿಕೆಯ ಮೇಲೆ ಕೇಳುತ್ತೀವಿ. ಹೆಮ್ಮೆಗೆ ಹೇಳೋ ಮಾತು ಅಂತ ಚಪ್ಪಾಳೆ ತಟ್ಟಿ ಬಿಟ್ಟುಬಿಡುತ್ತೀವಿ. ಕಾವ್ಯ ಕಿವಿಯಿಂದ ಬರುತ್ತಿದ್ದ ಕಾಲದಲ್ಲಿ ಅದು ಬರೀ ಹೊಗಳಿಕೆ ಆಗಿರಲಿಕ್ಕಿಲ್ಲ.

ಪುಸ್ತಕ ಅನ್ನೋ ವಸ್ತು ಆಗ ಎಷ್ಟು ದುಬಾರಿ ಅಂತ ಯೋಚಿಸಿ. ತಾಳೆಗರಿಯನ್ನು ಹದ ಮಾಡಬೇಕು, ಕಬ್ಬಿಣದ ಕಂಟದಿಂದ ಒಂದೊಂದೇ ಅಕ್ಷರ ಕೊರೆಯಬೇಕು, ಮಸಿ ತೀಡಬೇಕು, ತೂತಿಗೆ ದಾರ ಪೋಣಿಸಿ ಕಟ್ಟು ಕಟ್ಟಬೇಕು. ಹುಳ, ನೀರು, ಬೆಂಕಿ ಯಾವುದು ತಗುಲಿದರೂ ಕಥೆ ಮುಗಿಯಿತು. ಹತ್ತನೇ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದಳು ಎಂಬುದು ಇವತ್ತಿಗೂ ದೊಡ್ಡ ಸುದ್ದಿಯಾಗಿರುವುದು ಅದಕ್ಕೇ. ಪುಸ್ತಕ ಉಳಿಯಬೇಕಾದರೆ ಅದು ಒಬ್ಬರ ಪೆಟ್ಟಿಗೆಯಲ್ಲಿ ಇರಬಾರದು ಅನ್ನೋದು ಅವಳಿಗೆ ಗೊತ್ತಿತ್ತು. ನಾವು ಜಮಖಾನದ ಮೇಲೆ ಪುಸ್ತಕ ಹರಡುವಾಗ ಮಾಡುತ್ತಿರುವುದೂ ಇದರದ್ದೇ ಸಣ್ಣ ರೂಪ.

ಪ್ರತಿ ಕಡಿಮೆ ಇದ್ದಾಗ ಒಂದು ಪುಸ್ತಕಕ್ಕೆ ನೂರು ಜನ ಕಿವಿಗೊಡುತ್ತಾರೆ. ಹದಿನೈದನೇ ಶತಮಾನದ ಕುಮಾರವ್ಯಾಸ ಹಳ್ಳಿ ಹಳ್ಳಿಗೆ ತಲುಪಿದ್ದು ಹೀಗೆ. ಗಮಕಿ ರಾಗವಾಗಿ ಪದ್ಯ ಓದುತ್ತಾರೆ, ಪಕ್ಕದಲ್ಲಿ ಕೂತವರು ವ್ಯಾಖ್ಯಾನ ಮಾಡುತ್ತಾರೆ, ಊರಿನವರು ನಡುನಡುವೆ ಪ್ರಶ್ನೆ ಹಾಕುತ್ತಾರೆ. ಒಂದು ಪುಸ್ತಕ, ಓದುವವರೊಬ್ಬರು, ಚರ್ಚೆ ನಡೆಸುವವರೊಬ್ಬರು, ಸುತ್ತ ಕೇಳುವ ಜನ. ಬುಕ್ ಕ್ಲಬ್ ಅಂದರೆ ಇನ್ನೇನು? ಈ ಪದ್ಧತಿ ಸತ್ತಿಲ್ಲ. ಶಿವಮೊಗ್ಗದ ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು.

ಇದು ನಮ್ಮಲ್ಲಿ ಮಾತ್ರ ಇದ್ದ ಪದ್ಧತಿಯಲ್ಲ. ಕ್ಯೂಬಾದ ಹವಾನಾದಲ್ಲಿ ಚುಟ್ಟಾ ಸುತ್ತುವ ಕಾರ್ಮಿಕರು 1865ರಿಂದ ಫ್ಯಾಕ್ಟರಿಯೊಳಗೆ ಪುಸ್ತಕ ಓದಿಸಿ ಕೇಳೋಕೆ ಶುರು ಮಾಡಿದರು. ಓದುವವನ ಸಂಬಳವನ್ನು ಕಾರ್ಮಿಕರೇ ತಮ್ಮ ಕೂಲಿಯಿಂದ ಕೊಡುತ್ತಿದ್ದರು. ಕೈ ಕೆಲಸದಲ್ಲಿ, ಕಿವಿ ಕಾದಂಬರಿಯಲ್ಲಿ. ನಾವು ಇಯರ್‌ಫೋನ್ ಹಾಕಿಕೊಂಡು ಬಸ್ಸಿನಲ್ಲಿ ಮಾಡೋದೂ ಅದೇ. ವ್ಯತ್ಯಾಸ ಅಂದರೆ, ನಾವು ಒಬ್ಬೊಬ್ಬರೇ ಕೇಳುತ್ತೀವಿ.

ಹಾಗಂತ ಹಳೇ ಕಾಲವೇ ಚಿನ್ನ ಅಂತ ನಾನು ಹೇಳುತ್ತಿಲ್ಲ. ಅಕ್ಷರ ಯಾರ ಕೈಯಲ್ಲಿತ್ತು? ಭಾರತ ಓದುವಾಗ ಜಗಲಿಯ ಮೇಲೆ ಯಾರು ಕೂರುತ್ತಿದ್ದರು, ಬೀದಿಯಲ್ಲಿ ಯಾರು ನಿಲ್ಲುತ್ತಿದ್ದರು, ಹತ್ತಿರಕ್ಕೇ ಬರಬಾರದು ಅಂತ ಯಾರನ್ನು ತಡೆದಿದ್ದರು? ಈ ಪ್ರಶ್ನೆ ಕೇಳದಿದ್ದರೆ ನಾವು ಚರಿತ್ರೆ ಹೇಳುತ್ತಿಲ್ಲ, ಬರೀ ಹಳಹಳಿಸುತ್ತಿದ್ದೀವಿ ಅಂತ ಅರ್ಥ. ನನ್ನ ಅಜ್ಜಿ ಕೇಳಿ ಕಲಿತದ್ದು ನಿಜ. ಅವರನ್ನು ಶಾಲೆಗೆ ಕಳಿಸಲಿಲ್ಲ ಅನ್ನೋದೂ ಅಷ್ಟೇ ನಿಜ. ಓದಲು ಬಂದಿದ್ದರೆ ಬೇರೆಯವರು ಆರಿಸಿದ ಕಥೆಗೆ ಕಾಯದೆ ತಮಗೆ ಬೇಕಾದ್ದನ್ನು ಓದುತ್ತಿದ್ದರು.

ಅದಕ್ಕೇ ಇಪ್ಪತ್ತನೇ ಶತಮಾನದವರು ಓದುಗರನ್ನು ತಯಾರು ಮಾಡೋಕೆ ಅಷ್ಟು ಕಷ್ಟಪಟ್ಟರು. ಗಳಗನಾಥರು ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಬೆಂಗಳೂರಿನಲ್ಲಿ 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿತು. ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳು ಹುಡುಗರನ್ನು ಸೇರಿಸಿ 1919ರಲ್ಲಿ ‘ಪ್ರಬುದ್ಧ ಕರ್ನಾಟಕ’ ಪತ್ರಿಕೆ ತಂದರು. ಕಾಲೇಜು ಹುಡುಗರಿಗೆ ಇಂಗ್ಲಿಷೇ ದೊಡ್ಡದಾಗಿದ್ದ ಕಾಲ ಅದು. ಧಾರವಾಡದಲ್ಲಿ 1933ರಲ್ಲಿ ಶುರುವಾದ ಮನೋಹರ ಗ್ರಂಥಮಾಲೆ ಚಂದಾದಾರರಿಂದ ಮೊದಲೇ ಹಣ ಪಡೆದು ಪುಸ್ತಕ ಕಳಿಸಿತು. ಇವತ್ತಿನ ಸಬ್‌ಸ್ಕ್ರಿಪ್ಷನ್ ಮಾಡೆಲ್ಲೇ ಅಲ್ವಾ ಅದು? ಇವರೆಲ್ಲ ಗೆದ್ದರು. ಅಚ್ಚಿನ ಪುಸ್ತಕ ಅಗ್ಗವಾಯಿತು, ಶಾಲೆ ಬಂತು, ಒಬ್ಬೊಬ್ಬರೇ ಕೂತು ಮನಸ್ಸಿನಲ್ಲೇ ಓದೋದು ಎಲ್ಲರಿಗೂ ಸಾಧ್ಯವಾಯಿತು. ಅದು ಸಣ್ಣ ಗೆಲುವಲ್ಲ.

ಆದರೆ ಆ ಗೆಲುವಿನ ಜೊತೆಗೇ ಓದು ಅಂದರೆ ಕಣ್ಣಿನ ಕೆಲಸ ಮಾತ್ರ ಅಂತಲೂ ಆಗಿಹೋಯಿತು. ಕಿವಿಯ ದಾರಿ ಹಾಡಿಗೆ ಉಳಿಯಿತು. 2005ರಲ್ಲಿ ಅರಮನೆ ಮೈದಾನದಲ್ಲಿ ಸಿ. ಅಶ್ವಥ್ ‘ಕನ್ನಡವೇ ಸತ್ಯ’ ಕಾರ್ಯಕ್ರಮದಲ್ಲಿ ಕನ್ನಡದ ಕವಿತೆಗಳನ್ನು ಹಾಡಿದಾಗ ಸೇರಿದ ಆ ಜನಸಾಗರದಲ್ಲಿ ಎಷ್ಟು ಮಂದಿ ಕವನ ಸಂಕಲನ ಕೊಂಡು ಓದಿದ್ದರು? ಅವರಿಗೆ ಕವಿತೆ ಗೊತ್ತಿಲ್ಲ ಅಂತ ಯಾರಾದರೂ ಅಂದರಾ?

ಈಗ ಆ ಹುಡುಗಿಯ ವಿಷಯಕ್ಕೆ ಬರೋಣ. ಅವಳ ಥರದವರು ನಮ್ಮ ಸುತ್ತ ಎಷ್ಟು ಜನ! ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇನ್ನೇನೋ. ಕಿವಿಗೆ ಪೂರ್ತಿ ಕನ್ನಡ ಬರುತ್ತದೆ, ಕಣ್ಣಿಗೆ ಬರುವುದಿಲ್ಲ. ನನ್ನ ಅಜ್ಜಿಗೆ ಅಕ್ಷರ ಸಿಗಲಿಲ್ಲ, ಇವಳಿಗೆ ಬೇರೆ ಎರಡು ಲಿಪಿ ಸಿಕ್ಕಿತು. ಕಾರಣ ಬೇರೆ ಬೇರೆ. ಆದರೆ ಕನ್ನಡ ಪುಸ್ತಕದ ಮುಂದೆ ಇಬ್ಬರೂ ಒಂದೇ ಜಾಗದಲ್ಲಿ ಕೂತಿದ್ದಾರೆ. ಅಜ್ಜಿಯನ್ನು ಯಾರೂ “ನೀವೇ ಓದಬಹುದಿತ್ತಲ್ಲ” ಅಂತ ಕೇಳಲಿಲ್ಲ, ಅವರ ಮುಂದೆ ಕೂತು ಓದಿದರು. ನಾನು ಈ ಹುಡುಗಿಗೆ ಪ್ರಶ್ನೆ ಹಾಕಿದೆ.

ಗ್ರೂಪಿನಲ್ಲಿ ಕ್ಷಮೆ ಕೇಳಿ, ಮುಂದಿನ ತಿಂಗಳು ಖಂಡಿತ ಬನ್ನಿ ಅಂತ ಮೆಸೇಜ್ ಹಾಕಿದೆ. ಬಂದಳು. ಅವತ್ತು ನಮ್ಮ ಕ್ರಮ ಸ್ವಲ್ಪ ಬದಲಾಯಿತು. ನಮ್ಮಲ್ಲಿ ಒಬ್ಬ ಮೇಡಂ ಇದ್ದಾರೆ, ರಿಟೈರ್ಡ್ ಟೀಚರ್. ಅವರು ‘ಎದೆಯ ಹಣತೆ’ ಕಥೆಯ ಕೊನೆಯ ಭಾಗವನ್ನು, ತಾಯಿ ಮಗಳು ಎದುರಾಗುವ ಜಾಗವನ್ನು, ಗಟ್ಟಿಯಾಗಿ ಓದಿದರು. ನಾವೆಲ್ಲ ದೊಡ್ಡವರು ಮಕ್ಕಳ ಹಾಗೆ ಸುತ್ತ ಕೂತು ಕೇಳೋದು ಮೊದಲ ಎರಡು ನಿಮಿಷ ಮುಜುಗರ ಅನಿಸಿತು. ಆಮೇಲೆ ಯಾರೂ ಫೋನ್ ಮುಟ್ಟಲಿಲ್ಲ. ಆ ಕಥೆಯನ್ನು ಇಂಗ್ಲಿಷಿನಲ್ಲಿ ಓದಿ ಮುಗಿಸಿದ್ದ ಅವಳು ಸುಮ್ಮನೆ ಕೂತಿದ್ದಳು. ಓದು ಮುಗಿದ ಮೇಲೆ, “ಇಂಗ್ಲಿಷಲ್ಲಿ ಓದುವಾಗ ಕಥೆ ಗೊತ್ತಾಯ್ತು. ಇವಾಗ ಅವರ ದನಿ ಕೇಳಿಸ್ತು” ಅಂದಳು.

ಕೇಳಿಬಿಟ್ಟರೆ ಸಾಕು, ಲಿಪಿ ಕಲಿಯೋದು ಬೇಡ ಅಂತ ನನ್ನ ವಾದವಲ್ಲ. ಒತ್ತಕ್ಷರ ಕಲಿಯಲಿ, ತಾನೇ ಓದಲಿ, ತನಗೆ ಬೇಕಾದ್ದನ್ನು ಆರಿಸಿಕೊಳ್ಳಲಿ. ಆದರೆ ಕಲಿಯೋ ತನಕ ಗೇಟಿನ ಹೊರಗೆ ನಿಲ್ಲಿ ಅನ್ನೋದು ಕನ್ನಡದ ಪದ್ಧತಿಯಲ್ಲ. ಮೊದಲು ಕೂತು ಕೇಳಬೇಕು, ಕೇಳ್ತಾ ಕೇಳ್ತಾ ಅಕ್ಷರದ ಆಸೆ ಹುಟ್ಟಬೇಕು.

ಅವತ್ತು ಅವಳು ಕನ್ನಡದ ಪುಸ್ತಕವನ್ನೇ ಕೇಳಿ ಇಸ್ಕೊಂಡಳು. ನಾನು ಈ ಸಲ ಏನೂ ಕೇಳಲಿಲ್ಲ, ಅವಳೇ ಹೇಳಿದಳು: “ಅಮ್ಮ ಓದಿದ್ದು ಕನ್ನಡ ಮೀಡಿಯಂ. ರಾತ್ರಿ ಊಟ ಆದ್ಮೇಲೆ ಓದಿ ಹೇಳ್ತೀನಿ ಅಂದಿದಾರೆ.”

ಮೂರು ತಿಂಗಳಾಯಿತು, ಪುಸ್ತಕ ಇನ್ನೂ ವಾಪಸ್ ಬಂದಿಲ್ಲ. ಬೇರೆಯವರಾಗಿದ್ದರೆ ಗ್ರೂಪಿನಲ್ಲಿ ನೆನಪಿಸುತ್ತಿದ್ದೆ. ಇದೊಂದು ಮಾತ್ರ ಅಲ್ಲೇ ಇರಲಿ ಬಿಡಿ.