ಕೋಡಿಯ ಮಠದಿಂದ ಮಂಗಳವಾರದ ಸರದಿಗೆ

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಗೆ ಹೋದವರು ಕೇದಾರೇಶ್ವರನ ಮೂರು ಗರ್ಭಗುಡಿಗಳನ್ನು ನೋಡಿ, ಅಲ್ಲಮನ ಊರು ಇದು ಎಂದು ನೆನೆದು ಹಿಂದಿರುಗುತ್ತಾರೆ. ಕೆರೆಯ ಕೋಡಿಯ ಬಳಿ ಇದ್ದುದರಿಂದ ಕೋಡಿಯ ಮಠವೆನಿಸಿಕೊಂಡ ಕಾಳಾಮುಖರ ಮಠ ಇಲ್ಲಿಯೇ ಇತ್ತು. ಕಳಚುರಿ ಬಿಜ್ಜಳನ ಕಾಲದ, ಕ್ರಿ.ಶ. 1162ರ ಶಾಸನವೊಂದು ಈ ಮಠವನ್ನು ವರ್ಣಿಸುತ್ತದೆ. ಬಿ.ಎಲ್. ರೈಸ್ ಅವರು 1902ರಲ್ಲಿ ಹೊರತಂದ ಎಪಿಗ್ರಾಫಿಯ ಕರ್ನಾಟಿಕದ ಏಳನೆಯ ಸಂಪುಟದಲ್ಲಿ ಅದನ್ನು ನಾನು ಮೊದಲು ಓದಿದ್ದು ಎಂ.ಎ. ವಿದ್ಯಾರ್ಥಿಯಾಗಿದ್ದಾಗ. ವ್ಯಾಕರಣ, ನ್ಯಾಯ, ಸಾಂಖ್ಯ, ಬೌದ್ಧ ದರ್ಶನಗಳ ಪಾಠ ನಡೆಯುತ್ತಿದ್ದ ಮಠ ಎಂಬುದನ್ನಷ್ಟೇ ಆಗ ಟಿಪ್ಪಣಿ ಮಾಡಿಕೊಂಡಿದ್ದೆ. ಪರೀಕ್ಷೆಗೆ ಬೇಕಾದದ್ದು ಅಷ್ಟೇ.

ಅದೇ ಶಾಸನ ಮುಂದುವರಿದು, ದೀನರಿಗೆ, ಅನಾಥರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ ಅಲ್ಲಿ ಅನ್ನ ದೊರೆಯುತ್ತಿತ್ತು ಎನ್ನುತ್ತದೆ. ಹಾಡುವವರು, ಕಥೆ ಹೇಳುವವರು, ಕ್ಷಪಣಕರು, ಪರಮಹಂಸರು ಎಲ್ಲರೂ ಆ ಪಂಕ್ತಿಯಲ್ಲಿದ್ದಾರೆ. ದಿಕ್ಕಿಲ್ಲದ ರೋಗಿಗಳಿಗೆ ಅದು ಚಿಕಿತ್ಸೆಯ ತಾಣ, ಸಕಲ ಜೀವಿಗಳಿಗೆ ಅಭಯದ ತಾಣ. ದತ್ತಿಯ ಭೂಮಿಯಿಂದ ನಡೆಯುತ್ತಿದ್ದ ಈ ವ್ಯವಸ್ಥೆಯನ್ನು ಇಂದಿನ ಮಾತಿನಲ್ಲಿ ಸಾರ್ವಜನಿಕ ಸಂಸ್ಥೆಯೆಂದು ಕರೆದರೆ ತೀರ ತಪ್ಪಾಗಲಾರದು. ಆದರೆ ಆ ದೀರ್ಘವಾದ ಪಟ್ಟಿಯನ್ನು ಎಷ್ಟು ಸಲ ಓದಿದರೂ ಅದರಲ್ಲಿ ಬುದ್ಧಿ ಕಲಕಿದವನಿಗೆ ಪ್ರತ್ಯೇಕವಾದ ಹೆಸರಿಲ್ಲ. ರೋಗಿಗಳ ಗುಂಪಿನಲ್ಲಿಯೇ ಅವನೂ ಅನ್ನ ಉಂಡಿರಬೇಕು ಎಂದು ನಂಬಲು ನನಗೆ ಇಷ್ಟ.

ಹೆಸರಿನ ಮಾತು ಬಂದುದರಿಂದ ಒಂದು ಸಂಗತಿ. ನಮ್ಮ ಸೀಮೆಯಲ್ಲಿ ಹುಚ್ಚು ಎಂಬ ಶಬ್ದ ಬರಿಯ ಬೈಗುಳವಲ್ಲ. ಶಿಕಾರಿಪುರದ ಆಂಜನೇಯನೇ ಹುಚ್ಚರಾಯಸ್ವಾಮಿ. ಸಾತೇನಹಳ್ಳಿಯ ಶಾಂತೇಶ, ಕದರಮಂಡಲಗಿಯ ಕಾಂತೇಶ, ಶಿಕಾರಿಪುರದ ಭ್ರಾಂತೇಶ, ಈ ಮೂವರನ್ನು ಒಂದೇ ದಿನದಲ್ಲಿ ದರ್ಶನ ಮಾಡಬೇಕೆಂಬ ನಂಬಿಕೆ ಇಂದಿಗೂ ಇದೆ. ಹುಚ್ಚಪ್ಪ, ಹುಚ್ಚಮ್ಮ ಎಂಬ ಹೆಸರುಗಳು ನನ್ನ ಹಾಜರಿ ಪುಸ್ತಕದಲ್ಲಿಯೂ ಇದ್ದುವು. ಕೂಸಿಗೆ ದೃಷ್ಟಿ ತಾಗದಿರಲೆಂದು ಇಟ್ಟ ಹೆಸರುಗಳು ಅವು. ಮರುಳು ಎಂಬ ಮಾತನ್ನಂತೂ ಶರಣರು ಗೌರವದಿಂದಲೇ ಬಳಸಿದರು. ದೇವರಿಗೆ ಇಟ್ಟ ಹೆಸರನ್ನೇ ಮನುಷ್ಯನಿಗೆ ಅಂಟಿಸಿದಾಗ ಮಾತ್ರ ಅದೇಕೆ ಅಷ್ಟು ಕಠೋರವಾಗುತ್ತದೆಯೋ!

ನನ್ನ ಚಿಕ್ಕಪ್ಪನಿಗೆ ಆ ಹೆಸರು ಅಂಟಿತು. ಸೊರಬದ ಕಡೆಯ ನಮ್ಮ ಹಳ್ಳಿಯಲ್ಲಿ, 1970ರ ದಶಕದ ಆರಂಭದಲ್ಲಿ, ನಾನು ಮಾಧ್ಯಮಿಕ ಶಾಲೆಯ ಹುಡುಗ. ಒಳ್ಳೆಯ ಕಂಠವಿದ್ದ, ಭಾರತ ವಾಚಿಸುತ್ತಿದ್ದ ಆತ ಒಂದು ಮಳೆಗಾಲದಲ್ಲಿ ಮಾತು ನಿಲ್ಲಿಸಿದ; ಮುಂದಿನ ಮಳೆಗಾಲಕ್ಕೆ ಇಲ್ಲದವರೊಡನೆ ಮಾತನಾಡತೊಡಗಿದ. ಮೊದಲು ಭ್ರಾಂತೇಶನಿಗೆ ಹರಕೆ ಹೊತ್ತರು, ಆಮೇಲೆ ತಾಯಿತ ಕಟ್ಟಿಸಿದರು. ಕಡೆಗೆ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಕಂಬಕ್ಕೆ ಸರಪಳಿ ಹಾಕಿದರು. ಹಾಕಿದವನು ನನ್ನ ತಂದೆ. ಹಾಕಿ ಬಂದ ರಾತ್ರಿ ಆತ ಊಟ ಮಾಡಲಿಲ್ಲ. ಅನ್ನ ಒಯ್ದು ಕೊಡುವ ಕೆಲಸ ನನ್ನದಾಗಿತ್ತು. ಚಿಕ್ಕಪ್ಪ ಎಂದೂ ನನ್ನ ಮೇಲೆ ಕೈಯೆತ್ತಿದವನಲ್ಲ. ಆದರೂ ತಟ್ಟೆಯನ್ನು ಹೊಸ್ತಿಲಿಂದಲೇ ತಳ್ಳಿ ಓಡಿಬರುತ್ತಿದ್ದೆ.

ಬೆಂಗಳೂರಿನಲ್ಲಿ ಆಸ್ಪತ್ರೆ ಇದೆಯೆಂಬುದು ಯಾರಿಗೂ ತಿಳಿಯದ ವಿಷಯವಾಗಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಹುಚ್ಚರ ಆಶ್ರಯವಾಗಿ ಹುಟ್ಟಿದ ಆ ಸಂಸ್ಥೆ 1925ರಲ್ಲಿ ಮಾನಸಿಕ ಆಸ್ಪತ್ರೆಯೆಂದು ಹೆಸರು ಬದಲಿಸಿಕೊಂಡಿತ್ತು. 1974ರ ಡಿಸೆಂಬರಿನಲ್ಲಿ ಅಖಿಲ ಭಾರತ ಸಂಸ್ಥೆಯೊಡನೆ ಕೂಡಿ ನಿಮ್ಹಾನ್ಸ್ ಆಯಿತು. ನಮ್ಮ ಊರಿನಿಂದ ಶಿವಮೊಗ್ಗದವರೆಗೆ ಬಸ್ಸು, ಅಲ್ಲಿಂದ ರಾತ್ರಿಯ ರೈಲು. ಸರಪಳಿಯಲ್ಲಿದ್ದವನನ್ನು ಹಾಗೆ ಕರೆದೊಯ್ಯುವುದಕ್ಕೆ ಕನಿಷ್ಠ ಮೂವರು ಗಂಡಸರು ಬೇಕು. ನಾಟಿಯ ಕಾಲದಲ್ಲಿ ಮೂವರನ್ನು ಎಲ್ಲಿಂದ ತರುವುದು? ‘ಕೊಯ್ಲು ಮುಗಿಯಲಿ’ ಎನ್ನುತ್ತಲೇ ಎರಡು ವರ್ಷ ಕಳೆದುವು. ಮೂರನೆಯ ವರ್ಷ ಜ್ವರ ಬಂದು ಚಿಕ್ಕಪ್ಪ ತೀರಿಕೊಂಡ.

ರೋಗಿ ಆಸ್ಪತ್ರೆಗೆ ಬರಲಾರದಿದ್ದರೆ ಆಸ್ಪತ್ರೆಯೇ ಅವನ ಬಳಿಗೆ ಹೋಗಬೇಕೆಂಬ ವಿಚಾರ ಹೆಚ್ಚುಕಡಿಮೆ ಅದೇ ವರ್ಷಗಳಲ್ಲಿ ಬೆಂಗಳೂರಿನ ಹತ್ತಿರದ ಸಕಲವಾರದಲ್ಲಿ ಬೇರೂರುತ್ತಿತ್ತು ಎಂಬುದನ್ನು ಆಮೇಲೆ ಓದಿ ತಿಳಿದೆ. ನಿಮ್ಹಾನ್ಸಿನ ವೈದ್ಯರು ಅಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಡುವ ಕ್ರಮವನ್ನು ರೂಪಿಸಿದರು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂದಿತು. 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ನಡೆದ ಪ್ರಯೋಗವೇ 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇಡೀ ದೇಶಕ್ಕೆ ಮಾದರಿಯಾಯಿತು. ಬಳ್ಳಾರಿಯ ಹೆಸರನ್ನು ಗಣಿಗಳಿಗಾಗಿ ಮಾತ್ರ ನೆನೆಯುವ ನಾವು ಇದನ್ನು ಮರೆತಿದ್ದೇವೆ.

ನಮ್ಮ ಜಿಲ್ಲೆಯೂ ಹಿಂದೆ ಬೀಳಲಿಲ್ಲ. ಶಿವಮೊಗ್ಗದ ಮನೋವೈದ್ಯ ಡಾ. ಅಶೋಕ್ ಪೈ ಅವರು ಕನ್ನಡದಲ್ಲಿ ಬರೆದು, ‘ಕಾಡಿನ ಬೆಂಕಿ’ಯಂತಹ ಚಲನಚಿತ್ರದ ಬೆನ್ನಿಗೆ ನಿಂತು, ಈ ವಿಷಯವನ್ನು ಜನರ ಮಾತಿಗೆ ತಂದರು. 2005ರಲ್ಲಿ ಪಕ್ಕದ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಿಮ್ಹಾನ್ಸಿನವರು ಸ್ಕಿಜೋಫ್ರೀನಿಯಾ ರೋಗಿಗಳನ್ನು ಮನೆಮನೆಯಲ್ಲಿ ಗುರುತಿಸಿ ಚಿಕಿತ್ಸೆ ಆರಂಭಿಸಿದರು. ಚಿಕಿತ್ಸೆ ಪಡೆದವರಲ್ಲಿ ಅಸಾಮರ್ಥ್ಯ ಕಡಿಮೆಯಿರುವುದನ್ನು ಅವರು ದಾಖಲಿಸಿದ್ದಾರೆ. ನಮ್ಮ ಕೊಟ್ಟಿಗೆಯಿಂದ ಆ ತಾಲ್ಲೂಕು ಬಹು ದೂರವೇನೂ ಅಲ್ಲ.

2001ರ ಆಗಸ್ಟಿನಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ ಸರಪಳಿಯಲ್ಲಿದ್ದ ರೋಗಿಗಳು ಬೆಂಕಿಯಲ್ಲಿ ಸತ್ತಾಗ ದೇಶ ಬೆಚ್ಚಿಬಿದ್ದಿತು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆ ಯಾವುದೇ ರೀತಿಯಲ್ಲಿ ಸರಪಳಿ ಹಾಕುವುದನ್ನು ನಿಷೇಧಿಸಿದೆ. ಒಳ್ಳೆಯದೇ. ಆದರೆ ನನ್ನ ತಂದೆಗೆ ಆಗ ಬೇಕಾಗಿದ್ದುದು ಕಾಯಿದೆಗಿಂತ ಹೆಚ್ಚಾಗಿ ಸೊರಬದಲ್ಲಿಯೇ ಸಿಕ್ಕಬಹುದಾದ ಒಂದು ಮಾತ್ರೆ, ಅದನ್ನು ಕೊಡಬಲ್ಲ ಒಬ್ಬ ವೈದ್ಯ.

2014ರಲ್ಲಿ ‘ಮನೋಚೈತನ್ಯ’ ಎಂಬ ಹೆಸರಿನಲ್ಲಿ ಮಂಗಳವಾರದಂದು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರನ್ನು ಕಳುಹಿಸುವ ಕ್ರಮ ರಾಜ್ಯದಲ್ಲಿ ಬಂದಿತು. ಗ್ರಾಮ ಪಂಚಾಯಿತಿಗೆ ಒಬ್ಬರಂತೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಅದಕ್ಕೂ ಮೊದಲೇ ಇದ್ದರು. ಅಂಗವೈಕಲ್ಯವುಳ್ಳವರನ್ನೇ ಆ ಕೆಲಸಕ್ಕೆ ನೇಮಿಸುತ್ತಾರೆ. 1995ರ ಕಾಯಿದೆ ಏಳು ಬಗೆಯ ವೈಕಲ್ಯಗಳನ್ನು ಎಣಿಸಿದಾಗಲೇ ಮಾನಸಿಕ ಅಸ್ವಸ್ಥತೆ ಅವುಗಳಲ್ಲಿ ಒಂದಾಗಿತ್ತು; 2016ರ ಕಾಯಿದೆಯಲ್ಲಿ ಬಗೆಗಳು ಇಪ್ಪತ್ತೊಂದಾದುವು. ಕೋಡಿಯ ಮಠದ ಪಟ್ಟಿ ಕೊನೆಗೂ ಬೆಳೆಯಿತು.

ಕೆಲವು ವರ್ಷಗಳ ಹಿಂದೆ ಒಂದು ಮಂಗಳವಾರ, ಪರಿಚಿತರೊಬ್ಬರ ಜೊತೆಗಾಗಿ ತಾಲ್ಲೂಕು ಆಸ್ಪತ್ರೆಯೊಂದರ ಬೆಂಚಿನ ಮೇಲೆ ಕುಳಿತಿದ್ದೆ. ದಾದಿ ‘ಹುಚ್ಚರಾಯಪ್ಪ’ ಎಂದು ಕೂಗಿದಳು. ಎದ್ದವನು ರೋಗಿಯಲ್ಲ, ತಮ್ಮನನ್ನು ಕರೆತಂದ ಅಣ್ಣ. ಚೀಟಿಯಲ್ಲಿ ತನ್ನ ಹೆಸರನ್ನೇ ಬರೆಸಿಬಿಟ್ಟಿದ್ದ. ತಮ್ಮ ಪಕ್ಕದಲ್ಲಿ ಸುಮ್ಮನೆ ಕುಳಿತು ಕಡಲೆಕಾಯಿ ಸುಲಿಯುತ್ತಿದ್ದ. ಮುಂದಿನ ತಿಂಗಳು ಬರುತ್ತೀರಾ ಎಂದು ಕೇಳಿದೆ. ‘ನಾಟಿ ಇದೆ ಮೇಷ್ಟ್ರೆ, ಆದ್ರೂ ಬರ್ತೀವಿ. ಒಂದು ಹೊತ್ತಿನ ಕೆಲಸ ತಾನೆ’ ಎಂದ.