ಜಮಖಾನ, ಚೌಳು ಮಣ್ಣು ಮತ್ತು ಕೊನೆಯ ನೀರು

ಈ ಸಲ ಬ್ಯಾಂಕಿನ ವಿಷಯವಲ್ಲ, ರಾಜಕೀಯವಂತೂ ಅಲ್ಲವೇ ಅಲ್ಲ. ಜಮಖಾನ ತೊಳೆಯುವ ಇತಿಹಾಸ! ನಗಬೇಡಿ. ಬಿ.ಕಾಂ. ಓದಿದವನಿಗೆ ಸಾಬೂನಿನ ಉಸಾಬರಿ ಯಾಕೆ ಅಂತ ಕೇಳುವವರಿಗೆ ಮೊದಲು ನನ್ನ ಎರಡು ತಪ್ಪುಗಳನ್ನು ಹೇಳಿಬಿಡುತ್ತೇನೆ.

ಮೊದಲನೆಯದು ಆಫೀಸಿನದು. ನಾನಿದ್ದ ಒಂದು ಶಾಖೆಯಲ್ಲಿ ಮ್ಯಾನೇಜರ್ ಕ್ಯಾಬಿನ್ನಿಗೆ ಕಾರ್ಪೆಟ್ ಇತ್ತು. ಇನ್‌ಸ್ಪೆಕ್ಷನ್ ಬರುತ್ತದೆಂದು ಮೂರು ಕೊಟೇಶನ್ ತರಿಸಿ, ನಿಯಮದ ಪ್ರಕಾರ ಎಲ್ಲಕ್ಕಿಂತ ಕಡಿಮೆಯದ್ದನ್ನು ಪಾಸ್ ಮಾಡಿದೆ. ಹುಡುಗರು ಬಂದರು, ನೊರೆ ಬರಿಸಿ ಬ್ರಶ್ ಮೆಷಿನ್ ಓಡಿಸಿದರು, ಒರೆಸಿ ಹೋದರು. ಎರಡು ದಿನ ಫಳಫಳ. ಒಂದು ತಿಂಗಳಲ್ಲಿ ಬಾಗಿಲಿನಿಂದ ಮೇಜಿನವರೆಗೆ ಕಪ್ಪು ಕಾಲುದಾರಿ ಬಿತ್ತು. ತೊಳೆಯುವುದಕ್ಕೆ ಮುಂಚೆಯೇ ಚೆನ್ನಾಗಿತ್ತಲ್ಲ ಎಂದು ಸಿಟ್ಟಾಗಿ ಆ ಹುಡುಗರ ಬಿಲ್ಲಿನಲ್ಲಿ ಹಣ ಕಡಿದೆ.

ಎರಡನೆಯದು ಮನೆಯದು. ಅವ್ವನ ಮದುವೆಗೆ ಕೊಂಡ ನವಲಗುಂದದ ಜಮಖಾನ, ಅವ್ವ ಹೋದ ಮೇಲೆ ನನ್ನ ಪಾಲಿಗೆ ಬಂತು. ಬುಟಿಬೋರಿಯ ನಮ್ಮ ಮನೆಯ ಟೆರೇಸಿನ ಮೇಲೆ ನಾನೇ ತೊಳೆಯಲು ಕುಳಿತೆ. ಬಿಸಿ ನೀರು, ಎರಡು ಹಿಡಿ ವಾಷಿಂಗ್ ಪೌಡರ್, ರಾತ್ರಿಯಿಡೀ ನೆನೆ. ಬೆಳಿಗ್ಗೆ ನೋಡಿದರೆ ಕೆಂಪು ಬಣ್ಣವೆಲ್ಲ ಬಿಳಿ ನವಿಲುಗಳ ಮೇಲೆ ಹರಿದಿತ್ತು. ಫೋನಿನಲ್ಲಿ ತಂಗಿಗೆ ಹೇಳಿದಾಗ ಅವಳು ಕೇಳಿದ್ದು ಒಂದೇ ಮಾತು: "ಅಣ್ಣಾ, ಅವ್ವ ನೀರಿನ ಬಗ್ಗೆ ಏನ್ ಹೇಳತಿದ್ಲು, ಮರತಬಿಟ್ಟ್ಯಾ?"

ಮರೆತಿದ್ದೆ. ಅದಕ್ಕೇ ಈ ಓದು, ಈ ಬರಹ.

ನವಲಗುಂದ ಅಂದರೆ ನವಿಲುಗಳ ಗುಡ್ಡ. ವಿಜಾಪುರದ ಆದಿಲಶಾಹಿ ಕಾಲದ ನೇಕಾರರು ಅಲ್ಲಿಂದ ಚದುರಿ ಇಲ್ಲಿ ನೆಲೆಸಿದರು ಎನ್ನುವ ಮಾತಿದೆ. ಜಮಖಾನ ಗಲ್ಲಿಯ ಹೆಣ್ಣುಮಕ್ಕಳು ನಿಂತ ಮಗ್ಗದ ಮೇಲೆ ಹತ್ತಿಯ ನೂಲಿನಲ್ಲಿ ನವಿಲು, ಪಗಡೆ ಹಾಸು ನೇಯುತ್ತಾರೆ. ನಮಾಜಿಗೆ ಹಾಸುವ ಜಾನಮಾಜೂ ಅಲ್ಲಿಯದೇ. ಗುಟ್ಟು ಹೊರಗೆ ಹೋದೀತೆಂದು ಈ ವಿದ್ಯೆಯನ್ನು ಮಗಳಿಗೆ ಕಲಿಸದೆ ಸೊಸೆಗೆ ಕಲಿಸುತ್ತಿದ್ದರಂತೆ! ಈಗ ಇದಕ್ಕೆ 1999ರ ಕಾಯ್ದೆಯಡಿ ಭೌಗೋಳಿಕ ಗುರುತಿನ ರಕ್ಷಣೆಯಿದೆ.

ಬೆಂಗಳೂರಿನ ರತ್ನಗಂಬಳಿಗಳದ್ದು ಇನ್ನೊಂದು ಕಥೆ. ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರಿನಲ್ಲಿ ಎರಡೂ ಬದಿಗೆ ಒಂದೇ ಚಿತ್ತಾರವಿರುವ ಬೆಂಗಳೂರಿನ ಕಾರ್ಪೆಟ್ಟುಗಳ ಪ್ರಸ್ತಾಪವಿದೆ. ಸೆಂಟ್ರಲ್ ಜೈಲಿನಲ್ಲಿ ಕೈದಿಗಳು ಪರ್ಶಿಯನ್, ಟರ್ಕಿ ಮಾದರಿಯ ದಟ್ಟ ಎಳೆಯ ಕಾರ್ಪೆಟ್ಟುಗಳನ್ನೂ ನೇಯುತ್ತಿದ್ದರು. ತೊಳೆಯುವವನಿಗೆ ಈ ಎರಡು ಜಾತಿಯ ವ್ಯತ್ಯಾಸ ಬಹಳ ದೊಡ್ಡದು. ಜಮಖಾನವನ್ನು ಮಗುಚಿ ಎರಡೂ ಕಡೆ ನೀರು ಹೊಯ್ಯಬಹುದು. ನಿಂತ ಎಳೆಯ ಕಾರ್ಪೆಟ್ಟಿನಲ್ಲಿ ಸಾಬೂನು ಬುಡಕ್ಕಿಳಿದು ಕೂತರೆ ಸುಲಭಕ್ಕೆ ಹೊರಗೆ ಬರುವುದಿಲ್ಲ.

ಸಾಬೂನಿಗೂ ಮುಂಚೆ ನಮ್ಮವರು ಏನು ಬಳಸುತ್ತಿದ್ದರು? ಅಗಸರದ್ದು ಚೌಳು ಮಣ್ಣು. ಬಟ್ಟೆಯನ್ನು ಅದರ ನೀರಿನಲ್ಲಿ ಅದ್ದಿ, ಉಬ್ಬೆಗೆ ಹಾಕಿ, ಹಳ್ಳದ ಕಲ್ಲಿನ ಮೇಲೆ ಒಗೆಯುತ್ತಿದ್ದರು. ಆ ಮಣ್ಣಿನಲ್ಲಿರುವುದು ಸೋಡದ ಜಾತಿಯ ಕ್ಷಾರ. ಜಿಡ್ಡು ಬಿಡಿಸಲು ಅದು ಗಟ್ಟಿಗ, ಹತ್ತಿ ಅದನ್ನು ತಡೆಯುತ್ತದೆ, ಆದರೆ ಉಣ್ಣೆ ಮತ್ತು ರೇಷ್ಮೆ ತಡೆಯುವುದಿಲ್ಲ. ಅವಕ್ಕೆ ಅಂಟುವಾಳ ಕಾಯಿ. ಅದರ ನೊರೆಯಲ್ಲಿ ಖಾರವಿಲ್ಲ. ಯಾವ ಬಟ್ಟೆಗೆ ಯಾವ ಮದ್ದು ಎನ್ನುವ ವಿವೇಕ ನಮ್ಮ ಅಜ್ಜಿಯರಿಗೆ ಪುಸ್ತಕವಿಲ್ಲದೆ ಇತ್ತು.

ನಾನಿರುವ ವಿದರ್ಭಕ್ಕೂ ಈ ಕಥೆಯಲ್ಲಿ ಜಾಗವಿದೆ. ಬುಲ್ಢಾಣಾ ಜಿಲ್ಲೆಯ ಲೋಣಾರ್ ಸರೋವರ ನೋಡಿದ್ದೀರಾ? ಉಲ್ಕೆ ಬಿದ್ದು ಆದ, ಸುಮಾರು 1.8 ಕಿ.ಮೀ. ಅಗಲದ ಹೊಂಡ. ನೀರು ಎಷ್ಟು ಕ್ಷಾರವೆಂದರೆ ಬೆರಳಿಗೇ ಜಾರುತ್ತದೆ. ಸಾಬೂನು ಮತ್ತು ಗಾಜಿಗೆ ಬೇಕಾದ ಸಾಮಗ್ರಿ ಈ ಸೀಮೆಯಲ್ಲಿ ಸಿಗುತ್ತದೆಂದು ಅಬುಲ್ ಫಜಲ್ 'ಐನ್-ಇ-ಅಕ್ಬರಿ'ಯಲ್ಲೇ ಬರೆದಿದ್ದಾನೆ. 2020ರ ಜೂನ್‌ನಲ್ಲಿ ಸರೋವರ ಗುಲಾಬಿ ಬಣ್ಣಕ್ಕೆ ತಿರುಗಿದಾಗ ಎಲ್ಲ ಪೇಪರುಗಳಲ್ಲಿ ಫೋಟೋ ಬಂತು, ಸೋಡದ ಕಥೆ ಮಾತ್ರ ಯಾರೂ ಹೇಳಲಿಲ್ಲ.

ಇರಲಿ, ಸಾಬೂನಿಗೆ ಬರೋಣ. ಕೊಬ್ಬು ಮತ್ತು ಕ್ಷಾರ ಸೇರಿದರೆ ಸಾಬೂನು. ಫ್ರಾನ್ಸಿನ ಲೆಬ್ಲಾಂಕ್ 1791ರಲ್ಲಿ ಉಪ್ಪಿನಿಂದ ಸೋಡ ತೆಗೆಯುವ ವಿಧಾನಕ್ಕೆ ಪೇಟೆಂಟ್ ಪಡೆದ ಮೇಲೆ ಅದು ಅಗ್ಗವಾಗುತ್ತಾ ಬಂತು. ನಮ್ಮ ಮೈಸೂರು ಸಂಸ್ಥಾನವೂ 1910ರ ದಶಕದಲ್ಲಿ ಸರ್ಕಾರಿ ಸಾಬೂನು ಕಾರ್ಖಾನೆ ತೆರೆಯಿತು. ಆದರೆ ಸಾಬೂನಿಗೆ ಒಂದು ದೋಷವಿದೆ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಜೊತೆ ಸೇರಿದರೆ ನೊರೆಯಾಗದೆ ಬೂದು ಬಣ್ಣದ ಕೆನೆಯಾಗಿ ಎಳೆಗೆ ಅಂಟುತ್ತದೆ. ನಮ್ಮ ಬೋರ್‌ವೆಲ್ ನೀರಿನಲ್ಲಿ ಸಾಬೂನು ಹಾಕಿ ನೋಡಿ, ಬಕೆಟ್ಟಿನ ಅಂಚಿಗೇ ಗೆರೆ ಬೀಳುತ್ತದೆ.

ಈ ತೊಂದರೆಗೆ ಮದ್ದಾಗಿ ಬಂದದ್ದು ಡಿಟರ್ಜೆಂಟ್. ಮೊದಲನೇ ಮಹಾಯುದ್ಧದಲ್ಲಿ ಜರ್ಮನಿಗೆ ಕೊಬ್ಬಿನ ಅಭಾವವಾದಾಗ ಅಲ್ಲಿ ಹುಡುಕಾಟ ಶುರುವಾಯಿತು. 1946ರಲ್ಲಿ ಅಮೆರಿಕದಲ್ಲಿ ಟೈಡ್ ಬಂತು, 1959ರಲ್ಲಿ ನಮ್ಮಲ್ಲಿ ಸರ್ಫ್, 1969ರಲ್ಲಿ ಅಹಮದಾಬಾದಿನ ಕರ್ಸನ್‌ಭಾಯಿ ಪಟೇಲರ ನಿರ್ಮಾ. ಚಿತ್ರಹಾರದ ಮಧ್ಯೆ ಆ ಜಾಹೀರಾತು ನೋಡಿ ಬೆಳೆದವರು ನಾವು!

ಕಾರ್ಪೆಟ್ ತೊಳೆಯುವವರಿಗೆ ಇಲ್ಲಿಂದ ಮುಂದೆ ಗೊಂದಲ. ಬಟ್ಟೆಯ ಪೌಡರಿನಲ್ಲಿ ವಾಷಿಂಗ್ ಸೋಡ ಇರುತ್ತದೆ, ಹೊಳಪಿನ ರಾಸಾಯನಿಕವೂ ಇರಬಹುದು. ಬಕೆಟ್ ಗಟ್ಟಲೆ ನೀರಿನಲ್ಲಿ ಜಾಲಿಸುವ ಅಂಗಿಗೆ ಅದು ಸರಿ. ನೆಲಕ್ಕೆ ಅಂಟಿದ ಕಾರ್ಪೆಟ್ಟನ್ನು ಜಾಲಿಸುವುದು ಹೇಗೆ? ಒಳಗೆ ಉಳಿದ ಅಂಟು ಡಿಟರ್ಜೆಂಟ್ ಪ್ರತಿ ಚಪ್ಪಲಿಯ ಧೂಳನ್ನೂ ಹಿಡಿದಿಟ್ಟುಕೊಳ್ಳುತ್ತದೆ. ನನ್ನ ಕ್ಯಾಬಿನ್ನಿನ ಕಪ್ಪು ಕಾಲುದಾರಿಯ ಗುಟ್ಟು ಇದೇ.

ಧೂಳು ತೆಗೆಯುವ ಕೆಲಸಕ್ಕೆ ಯಂತ್ರ ಮೊದಲೇ ಬಂದಿತ್ತು. 1901ರಲ್ಲಿ ಇಂಗ್ಲೆಂಡಿನ ಹ್ಯೂಬರ್ಟ್ ಸೆಸಿಲ್ ಬೂತ್ ಗಾಳಿ ಎಳೆಯುವ ಯಂತ್ರ ಮಾಡಿದ. 1902ರಲ್ಲಿ ಏಳನೇ ಎಡ್ವರ್ಡ್ ಪಟ್ಟಾಭಿಷೇಕಕ್ಕೆ ವೆಸ್ಟ್‌ಮಿನ್ಸ್ಟರ್ ಅಬ್ಬೆಯ ಕಾರ್ಪೆಟ್ಟನ್ನು ಅದರಿಂದಲೇ ಶುಚಿ ಮಾಡಿದರು. ಮುಂದೆ ಇದೇ ತತ್ವ ನೀರಿಗೂ ಬಂತು: ಬಿಸಿ ನೀರು ಚಿಮ್ಮಿಸಿ, ಕೊಳೆ ಸಮೇತ ತಕ್ಷಣ ಹೀರಿಬಿಡುವುದು. ಇನ್ನೊಂದು ವಿಧಾನದಲ್ಲಿ ಡಿಟರ್ಜೆಂಟ್ ಒಣಗಿ ಪುಡಿಪುಡಿ ಹರಳಾಗುತ್ತದೆ, ವ್ಯಾಕ್ಯೂಮಿನಿಂದ ಎಳೆದರಾಯಿತು.

ಕಸುಬು ಬಲ್ಲವರ ಕ್ರಮ ಹೀಗೆ. ಮೊದಲು ಒಣ ಧೂಳು ಪೂರ್ತಿ ತೆಗೆಯಬೇಕು, ನೀರು ಬಿದ್ದರೆ ಅದೇ ಕೆಸರು. ಮೂಲೆಯಲ್ಲಿ ಒದ್ದೆ ಬಿಳಿ ಬಟ್ಟೆ ಒತ್ತಿ ಬಣ್ಣ ಬಿಡುತ್ತದೆಯೇ ನೋಡಬೇಕು. ಉಣ್ಣೆಗೆ ಕ್ಷಾರವಿಲ್ಲದ ಸೌಮ್ಯ ಡಿಟರ್ಜೆಂಟ್. ಇಲ್ಲಿ ನಮ್ಮ ಬುಟಿಬೋರಿಯ ಫ್ಯಾಕ್ಟರಿಯಲ್ಲಿ ತಯಾರಾಗುವ ಪಾಲಿಯೆಸ್ಟರಿನಂಥ ಎಳೆ ಕ್ಷಾರವನ್ನು ಸ್ವಲ್ಪ ತಡೆಯುತ್ತದೆ, ಆದರೆ ಎಣ್ಣೆ ಜಿಡ್ಡನ್ನು ಬೇಗ ಬಿಡುವುದಿಲ್ಲ. ಆಮೇಲೆ ಬರೀ ನೀರಿನಲ್ಲಿ ಜಾಲಿಸುವುದು, ಉಣ್ಣೆಗಾದರೆ ಕೊನೆಯ ನೀರಿಗೆ ತುಸು ವಿನಿಗರ್. ಉಳಿದ ಕ್ಷಾರ ಅದರಿಂದ ಶಮನವಾಗುತ್ತದೆ. ಕಡೆಗೆ, ಬೇಗ ಒಣಗಿಸಬೇಕು. ತಡವಾದರೆ ಸೆಣಬಿನ ತಳದಿಂದ ಕಂದು ಕಲೆ ಮೇಲೇರುತ್ತದೆ.

ಈಗ ನನ್ನ ಲೆಕ್ಕ ತಾಳೆ ನೋಡಿ. ಗಟ್ಟಿಯಾಗಿ ಕೂರದ ಕೆಂಪು ಬಣ್ಣ, ಬಿಸಿ ನೀರು, ಸೋಡ ಪೌಡರ್, ರಾತ್ರಿಯಿಡೀ ಮಡಿಚಿಟ್ಟ ಒದ್ದೆ ಜಮಖಾನ. ನಾಲ್ಕೂ ನನ್ನ ಕೈಯಿಂದಲೇ ಆದದ್ದು. ಅವ್ವ ಮಾಡುತ್ತಿದ್ದುದು ಇಷ್ಟೇ: ಮೊದಲು ಬಿಸಿಲಿಗೆ ಹಾಕಿ ಕೋಲಿನಿಂದ ಬಡಿಯುವುದು, ತಣ್ಣೀರು, ಅಂಟುವಾಳದ ತಿಳಿ, ಆಮೇಲೆ ಹರಿಯುವ ಹಳ್ಳದಲ್ಲಿ ಹರವಿ ಬಿಡುವುದು. "ತಮ್ಮಾ, ನೀರು ತಿಳಿ ಆಗೂತನಕ ಎತ್ತಬ್ಯಾಡ" ಅನ್ನುತ್ತಿದ್ದಳು. ಇವತ್ತಿನ ಯಂತ್ರದವರು ಕೊನೆಯ ನೀರನ್ನು ಬಾಟಲಿಗೆ ತುಂಬಿ ಕುಲುಕಿ, ನೊರೆ ಬಂದರೆ ಇನ್ನೊಮ್ಮೆ ಜಾಲಿಸಿದರೆ ಅದೂ ಅವ್ವನ ಮಾತೇ.

ಆ ಹುಡುಗರ ಬಿಲ್ಲು ಕಡಿದದ್ದು ಈಗಲೂ ಚುಚ್ಚುತ್ತದೆ. ನಾನು ಪಾಸ್ ಮಾಡಿದ ಕೊಟೇಶನ್ನಿನಲ್ಲಿ ಇದ್ದದ್ದು ಶಾಂಪೂ ಮಾತ್ರ, ಜಾಲಿಸುವ ದರವೇ ಇರಲಿಲ್ಲ. ಕೇಳಬೇಕಾದವನು ನಾನು. ಅವರು ಕೊಟ್ಟ ಮಾತಿನಷ್ಟು ಕೆಲಸ ಮಾಡಿದ್ದರು. ಆ ಶಾಖೆ ಬಿಟ್ಟು ವರ್ಷಗಳಾದವು, ಹುಡುಕಿದರೂ ಅವರು ಸಿಗಲಿಲ್ಲ.

ಜಮಖಾನವನ್ನು ಎಸೆದಿಲ್ಲ. ಗುಲಾಬಿ ನವಿಲುಗಳ ಸಮೇತ ದೇವರ ಕೋಣೆಯಲ್ಲಿ ಹಾಸಿದ್ದೇನೆ. ನಮ್ಮ ಊರಿನ ಮುಂದೆ ಹಾಯುವ 44ನೇ ಹೆದ್ದಾರಿ ನೇರ ಬೆಂಗಳೂರಿಗೆ ಹೋಗುತ್ತದೆ. ಮಗಳ ಮದುವೆಗೆ ಆ ಕಡೆ ಹೋದಾಗ ನವಲಗುಂದಕ್ಕೂ ಹೋಗಿ ಹೊಸದೊಂದು ತರಬೇಕು. ಅದನ್ನು ಅವಳ ಕೈಗಿಡುವಾಗ ಜೊತೆಗೆ ಒಂದು ಚೀಲ ಅಂಟುವಾಳ ಕಾಯಿ, ಮತ್ತು ಅವಳ ಅಜ್ಜಿಯ ಆ ಒಂದು ಮಾತು.

ನಿಮ್ಮ ಮನೆಯಲ್ಲೂ ಊರಿನಿಂದ ತಂದ ಜಮಖಾನ ಇರಬಹುದಲ್ಲವೇ? ದಯವಿಟ್ಟು ಅದನ್ನು ಬಿಸಿ ನೀರಿಗೆ ಹಾಕಬೇಡಿ.