‘ಟ್ರಬಲ್ ಇನ್ ಪ್ಯಾರಡೈಸ್’ ಚಿತ್ರದ ಆರಂಭಭಾಗ: ವಾಕ್ಚಿತ್ರದಲ್ಲಿ ಅನುಕ್ತದ ಸ್ಥಾನ

ಚಲಚ್ಚಿತ್ರದ ಇತಿಹಾಸವನ್ನು ಕುರಿತು ಎರಡು ಅಭಿಪ್ರಾಯಗಳು ಬಹುಕಾಲದಿಂದ ರೂಢಿಯಲ್ಲಿವೆ. 1927ರಲ್ಲಿ ಮಾತು ಬಂದೊಡನೆ ಮೂಕಚಿತ್ರವು ಗಳಿಸಿಕೊಂಡಿದ್ದ ದೃಶ್ಯಕೌಶಲವು ಲೋಪವಾಯಿತೆಂಬುದು ಮೊದಲನೆಯದು. ಹಾಲಿವುಡ್ಡಿನ ಪ್ರಣಯಹಾಸ್ಯಚಿತ್ರಗಳಲ್ಲಿ ಕಾಣುವ ಸೂಚ್ಯರೀತಿಯು ನೀತಿಸಂಹಿತೆಯ ಭಯದಿಂದ ಹುಟ್ಟಿದುದೆಂಬುದು ಎರಡನೆಯದು. ಇವೆರಡರಲ್ಲಿಯೂ ಸತ್ಯಾಂಶವುಂಟು, ಆದರೆ ಯಾವುದೂ ಪೂರ್ಣಸತ್ಯವಲ್ಲ. ಇದನ್ನು ಸ್ಪಷ್ಟಪಡಿಸುವುದಕ್ಕಾಗಿ, 1932ರಲ್ಲಿ ಪ್ಯಾರಮೌಂಟ್ ಸಂಸ್ಥೆಯವರು ಹೊರತಂದ ‘ಟ್ರಬಲ್ ಇನ್ ಪ್ಯಾರಡೈಸ್’ ಎಂಬ ಒಂದೇ ಚಿತ್ರದ ಆರಂಭಭಾಗವನ್ನು ನಾವು ಇಲ್ಲಿ ಪರಿಶೀಲಿಸಲಿದ್ದೇವೆ.

ಈ ಚಿತ್ರದ ನಿರ್ದೇಶಕ ಅರ್ನ್‌ಸ್ಟ್ ಲುಬಿಚ್. ಈತನು 1892ರಲ್ಲಿ ಬರ್ಲಿನ್ ನಗರದಲ್ಲಿ ಜನಿಸಿ, ಮ್ಯಾಕ್ಸ್ ರೈನ್‌ಹಾರ್ಟನ ನಾಟಕಶಾಲೆಯಲ್ಲಿ ನಟನಾಗಿ ಪಳಗಿ, 1922ರಲ್ಲಿ ಅಮೆರಿಕವನ್ನು ಸೇರಿದನು. ಮಾತು ಬರುವುದಕ್ಕೆ ಮುಂಚೆಯೇ ಮೂಕಚಿತ್ರಗಳಲ್ಲಿ ಅವನ ಕೈ ಪಕ್ವವಾಗಿತ್ತು. ಚಿತ್ರಕಥೆಯನ್ನು ಬರೆದವನು ಸ್ಯಾಮ್ಸನ್ ರಫೇಲ್ಸನ್. ಇಲ್ಲಿ ಒಂದು ಸಂಗತಿ ಗಮನಾರ್ಹವಾದುದು. ಚಿತ್ರಪಟಕ್ಕೆ ಮಾತನ್ನು ತಂದುಕೊಟ್ಟಿತೆಂದು ಪ್ರಸಿದ್ಧವಾದ ‘ದಿ ಜಾಸ್ ಸಿಂಗರ್’ ಚಿತ್ರಕ್ಕೆ ಆಧಾರವಾದ ನಾಟಕವು ಇದೇ ರಫೇಲ್ಸನ್ನನದು. ಅಂತಹ ಲೇಖಕನು ಬರೆದ ಚಿತ್ರವು, ಐದು ವರ್ಷಗಳ ತರುವಾಯ, ಬಹುಮಟ್ಟಿಗೆ ಮಾತಿಲ್ಲದೆಯೇ ಆರಂಭವಾಗುತ್ತದೆ!

ಮೊದಲು ಶೀರ್ಷಿಕೆಯನ್ನು ನೋಡೋಣ. ‘ಟ್ರಬಲ್ ಇನ್’ ಎಂಬ ಎರಡು ಪದಗಳು ಮುಂದಾಗಿ ಮೂಡುತ್ತವೆ. ಅವುಗಳ ಹಿಂದೆ ಒಂದು ಜೋಡಿಮಂಚದ ಚಿತ್ರ ಕಾಣುತ್ತದೆ. ‘ಪ್ಯಾರಡೈಸ್’ ಎಂಬ ಪದವು ಅನಂತರ ಬರುತ್ತದೆ. ತೊಂದರೆ ಎಲ್ಲಿ ಎಂಬ ಪ್ರಶ್ನೆಗೆ ಅಕ್ಷರವು ಉತ್ತರ ಕೊಡುವ ಮುನ್ನವೇ ಚಿತ್ರವು ಉತ್ತರ ಕೊಟ್ಟಿರುತ್ತದೆ. ಈ ಕ್ರಮವೇ ಮುಂದಿನ ಭಾಗಕ್ಕೆಲ್ಲ ಕೀಲಿಕೈ.

ಕಥೆಯು ವೆನಿಸ್ ನಗರದಲ್ಲಿ, ರಾತ್ರಿಯ ವೇಳೆ, ಒಂದು ಬಾಗಿಲ ಬಳಿಯಲ್ಲಿ ತೆರೆಯುತ್ತದೆ. ಒಬ್ಬನು ಬಂದು ಅಲ್ಲಿದ್ದ ಕಸದ ಡಬ್ಬಿಯನ್ನು ಎತ್ತಿ ಕಾಲುವೆಯ ಕಡೆಗೆ ಒಯ್ಯುತ್ತಾನೆ. ಕ್ಯಾಮರಾ ಅವನನ್ನು ಹಿಂಬಾಲಿಸಿದಾಗ ಕಾಣುವುದು ಪ್ರಣಯಿಗಳು ಕುಳಿತ ಗೊಂಡೋಲವಲ್ಲ. ಕಸ ತುಂಬಿದ ಗೊಂಡೋಲ. ಡಬ್ಬಿಯನ್ನು ಅದರೊಳಕ್ಕೆ ಸುರಿದು, ‘ಓ ಸೋಲೆ ಮಿಯೋ’ ಎಂಬ ಹಾಡನ್ನು ಕಂಠವೆತ್ತಿ ಹಾಡುತ್ತ ಅವನು ದೋಣಿಯನ್ನು ನಡೆಸಿಕೊಂಡು ಹೋಗುತ್ತಾನೆ. ಈ ಹಾಡು ನೇಪಲ್ಸಿನದೇ ಹೊರತು ವೆನಿಸಿನದಲ್ಲ; ಅದು ಸ್ತುತಿಸುವುದು ಸೂರ್ಯನನ್ನು, ಹಾಡುತ್ತಿರುವುದಾದರೋ ರಾತ್ರಿಯಲ್ಲಿ. ಇಟಲಿಯ ಪ್ರಣಯವೆಂದು ಪರದೇಶದ ಪ್ರೇಕ್ಷಕನು ಕಲ್ಪಿಸಿಕೊಂಡಿದ್ದುದನ್ನೆಲ್ಲ ಲುಬಿಚನು ಅವನಿಗೆ ಕೊಟ್ಟಿದ್ದಾನೆ. ಜೊತೆಗೆ ಕಸವನ್ನೂ ಕೊಟ್ಟಿದ್ದಾನೆ.

ಮುಂದೆ ಒಂದು ಹೋಟೆಲಿನ ಕತ್ತಲೆಯ ಕೋಣೆ. ನೆರಳಿನಂತಹ ಒಬ್ಬ ವ್ಯಕ್ತಿ ಅಲ್ಲಿಂದ ಹೊರಬಿದ್ದು ಓಡುತ್ತಾನೆ. ನೆಲದ ಮೇಲೆ ಬಿದ್ದಿದ್ದವನೊಬ್ಬ ಏಳಲೆತ್ನಿಸಿ ಮತ್ತೆ ಕುಸಿಯುತ್ತಾನೆ. ಹೊರಬಾಗಿಲಲ್ಲಿ ಇಬ್ಬರು ಸ್ತ್ರೀಯರು ಕರೆಗಂಟೆಯನ್ನೊತ್ತಿ ಕಾಯುತ್ತಿದ್ದಾರೆ. ಅನಂತರ ಕ್ಯಾಮರಾ ಕಟ್ಟಡದ ಹೊರಮೈಯನ್ನು ಬಳಸಿ ಸಾಗಿ ಮತ್ತೊಂದು ಉಪ್ಪರಿಗೆಯ ಬಳಿ ನಿಲ್ಲುತ್ತದೆ. ಅಲ್ಲಿ ಬ್ಯಾರನ್ ಪದವಿಯ ಗೃಹಸ್ಥನೊಬ್ಬನು, ತನ್ನ ಅತಿಥಿಯಾಗಿ ಬರಲಿರುವ ಮಹಿಳೆಗಾಗಿ, ಮಾಣಿಯೊಡನೆ ರಾತ್ರಿಯ ಭೋಜನವನ್ನು ಯೋಜಿಸುತ್ತಿದ್ದಾನೆ. ಮಾಣಿಯು ಅವನ ಕೋಟಿನ ಮೇಲೆ ಅಂಟಿಕೊಂಡಿದ್ದ ಒಂದು ಎಲೆಯನ್ನು ವಿನಯದಿಂದ ತೆಗೆಯುತ್ತಾನೆ. ಆ ಎಲೆಯ ಬಗ್ಗೆ ಯಾರೂ ವಿವರಣೆ ಕೊಡುವುದಿಲ್ಲ. ಓಡಿಹೋದ ನೆರಳನ್ನು ನೆನಪಿನಲ್ಲಿಟ್ಟುಕೊಂಡ ಪ್ರೇಕ್ಷಕನಿಗೆ ಮಾತ್ರ ಈ ಬ್ಯಾರನ್ ಯಾರೆಂಬುದು ಹೊಳೆಯುತ್ತದೆ.

ತಂತ್ರದ ದೃಷ್ಟಿಯಿಂದ ಇಲ್ಲಿ ಎರಡು ಅಂಶಗಳನ್ನು ವಿವೇಚಿಸಬೇಕಾಗಿದೆ. ವಾಕ್ಚಿತ್ರದ ಮೊದಲ ವರ್ಷಗಳಲ್ಲಿ ಯಂತ್ರದ ಸದ್ದು ಮೈಕ್ರೊಫೋನಿಗೆ ಕೇಳದಂತೆ ಕ್ಯಾಮರಾವನ್ನು ಮುಚ್ಚಿದ ಗೂಡಿನಲ್ಲಿರಿಸುತ್ತಿದ್ದರು. ಅದರಿಂದ ಅದರ ಸಂಚಾರಕ್ಕೆ ತಡೆಯುಂಟಾಯಿತು. ಮೊದಲನೆಯ ಅಭಿಪ್ರಾಯಕ್ಕೆ ಮೂಲ ಇದೇ. ಆದರೆ ಸಂಭಾಷಣೆಯಿಲ್ಲದೆಡೆಯಲ್ಲಿ ಈ ತಡೆಯೂ ಇರಲಿಲ್ಲ. ಮೇಲೆ ಹೇಳಿದ ಸಂಚಾರದಲ್ಲಿ ಯಾರೂ ಮಾತನಾಡುವುದಿಲ್ಲ. ಮಾತಿನಿಂದ ಬಿಡುಗಡೆ ಪಡೆದ ಕ್ಯಾಮರಾ ಮೂಕಚಿತ್ರದ ಕಾಲದಂತೆಯೇ ಸ್ವೇಚ್ಛೆಯಾಗಿ ಸಾಗುತ್ತದೆ. ಎರಡನೆಯದಾಗಿ, ಆ ಸಂಚಾರದ ಅರ್ಥ. ಕಳವಾದ ಕೋಣೆಯನ್ನೂ ಬ್ಯಾರನ್ನನ ಉಪ್ಪರಿಗೆಯನ್ನೂ ಅದು ಒಂದೇ ಗತಿಯಲ್ಲಿ ಜೋಡಿಸುವುದರಿಂದ, ಎರಡಕ್ಕೂ ಸಂಬಂಧವುಂಟೆಂಬ ಅನುಮಾನವು ಪ್ರೇಕ್ಷಕನಲ್ಲಿ ತಾನಾಗಿ ಮೂಡುತ್ತದೆ.

ನಮ್ಮ ಆಲಂಕಾರಿಕರ ಪರಿಭಾಷೆಯಲ್ಲಿ ಹೇಳುವುದಾದರೆ, ಇಲ್ಲಿ ವಾಚ್ಯಕ್ಕಿಂತ ವ್ಯಂಗ್ಯವೇ ಪ್ರಧಾನ. ಲುಬಿಚನು ಆನಂದವರ್ಧನನನ್ನು ಓದಿದ್ದನೆಂದು ಇದರ ತಾತ್ಪರ್ಯವಲ್ಲ. ಧ್ವನಿಗೆ ಸಹೃದಯನು ಬೇಕೆಂಬ ಮಾತು ಈ ಚಿತ್ರಕ್ಕೂ ಅನ್ವಯಿಸುತ್ತದೆಂಬುದಷ್ಟೇ ನಮ್ಮ ಆಶಯ. ಎಲೆಯು ಎಲೆ ಮಾತ್ರವೆಂದು ಕಂಡವನಿಗೆ ಕಥೆಯ ಅರ್ಧಭಾಗವು ತಪ್ಪಿಹೋಗುತ್ತದೆ. ಅದನ್ನು ಗ್ರಹಿಸಿದವನಾದರೋ ಕಳ್ಳನ ಗುಟ್ಟಿನಲ್ಲಿ ಪಾಲುಗಾರನಾಗುತ್ತಾನೆ. ಪಾಲುಗಾರನಾದ ಮೇಲೆ ಅವನನ್ನು ದೂಷಿಸುವುದು ಸುಲಭವಲ್ಲ. ಭೋಜನಕ್ಕೆ ಬಂದ ‘ಕೌಂಟೆಸ್’ ಸಹ ಕಳ್ಳಿಯೇ. ಪರಸ್ಪರ ಕದ್ದ ವಸ್ತುಗಳನ್ನು ಅವರು ಒಂದೊಂದಾಗಿ ಹಿಂದಿರುಗಿಸಿಕೊಳ್ಳುವುದೇ ಇಲ್ಲಿ ಪ್ರಣಯದ ನಿವೇದನೆ. ಕಸದ ದೋಣಿಯ ಮೇಲಿನ ಹಾಡಿನಂತೆ, ಇವರ ಉದಾತ್ತವಾದ ಹೆಸರುಗಳ ಕೆಳಗೂ ಬೇರೊಂದು ವಸ್ತುವುಂಟು. ಆದರೂ ಹಾಡು ಸುಳ್ಳಲ್ಲ, ಪ್ರೇಮವೂ ಸುಳ್ಳಲ್ಲ. ಈ ಭಾಗದ ಕೊನೆಯಲ್ಲಿ, ಆಸನದ ಮೇಲಿದ್ದ ಪ್ರಣಯಿಗಳು ನಮ್ಮ ಕಣ್ಣೆದುರಿನಲ್ಲಿಯೇ ಕರಗಿಹೋಗಿ ಬರಿಯ ಆಸನವು ಉಳಿಯುತ್ತದೆ.

ಇನ್ನು ಎರಡನೆಯ ಅಭಿಪ್ರಾಯ. ಹಾಲಿವುಡ್ಡಿನ ನೀತಿಸಂಹಿತೆಯು 1930ರಲ್ಲಿಯೇ ಅಂಗೀಕೃತವಾಗಿದ್ದರೂ, ಜೋಸೆಫ್ ಬ್ರೀನನ ಆಡಳಿತದಲ್ಲಿ ಅದು ಕಟ್ಟುನಿಟ್ಟಾಗಿ ಜಾರಿಗೆ ಬಂದುದು 1934ರ ಮಧ್ಯಭಾಗದಲ್ಲಿ. ನಮ್ಮ ಚಿತ್ರವು ಅದಕ್ಕೆ ಎರಡು ವರ್ಷಗಳಷ್ಟು ಹಿಂದಿನದು. ಹೆಚ್ಚು ಬಿಚ್ಚಿ ಹೇಳುವುದಕ್ಕೆ ಅವಕಾಶವಿದ್ದ ದಿನಗಳಲ್ಲಿಯೇ ಲುಬಿಚನು ಮುಚ್ಚಿ ಹೇಳುವುದನ್ನು ಆರಿಸಿಕೊಂಡನು. ಆದುದರಿಂದ ಸೂಚ್ಯರೀತಿಯು ಅವನಿಗೆ ಭಯದ ಫಲವಾಗಿರದೆ ಕಲೆಯ ಸ್ವಧರ್ಮವಾಗಿತ್ತೆಂದು ಹೇಳಬೇಕಾಗುತ್ತದೆ. ಇತಿಹಾಸದ ವಿಪರ್ಯಾಸವೆಂದರೆ, ಆ ಮರೆಯು ಚಿತ್ರವನ್ನು ಕಾಪಾಡಲಿಲ್ಲ. 1935ರಲ್ಲಿ ಅದರ ಮರುಬಿಡುಗಡೆಗೆ ಅನುಮತಿ ದೊರೆಯಲಿಲ್ಲ. 1968ರವರೆಗೆ ಸಾಮಾನ್ಯ ಪ್ರೇಕ್ಷಕರಿಗೆ ಅದು ದುರ್ಲಭವಾಗಿಯೇ ಉಳಿಯಿತು. ಲುಬಿಚನು 1947ರಲ್ಲಿಯೇ ತೀರಿಕೊಂಡಿದ್ದನು. ಅಮೆರಿಕದ ರಾಷ್ಟ್ರೀಯ ಚಲಚ್ಚಿತ್ರ ಪಟ್ಟಿಗೆ ಅದು ಸೇರಿದುದು 1991ರಲ್ಲಿ. ನೀತಿಪಾಲಕರು ಚಿತ್ರದಲ್ಲಿ ಕಂಡ ದೋಷವು ತೆರೆಯ ಮೇಲೆ ತೋರಿದುದರಲ್ಲಿ ಅಷ್ಟಾಗಿ ಇರಲಿಲ್ಲ. ನೋಡುವವನ ಮನಸ್ಸಿನಲ್ಲಿ ಪೂರ್ಣಗೊಳ್ಳುವ ಅರ್ಥದಲ್ಲಿತ್ತು. ಅಂತಹ ಅರ್ಥವನ್ನು ಕತ್ತರಿಸಿ ತೆಗೆಯಲು ಬರುವುದಿಲ್ಲ; ಚಿತ್ರವನ್ನೇ ತಡೆಹಿಡಿಯಬೇಕಾಗುತ್ತದೆ.

ಮೂವತ್ತಕ್ಕೂ ಹೆಚ್ಚು ವರ್ಷಗಳ ಕಾಲ ಒಂದು ಕೃತಿಯು ಕಣ್ಮರೆಯಾಗಿದ್ದರೆ, ಅದರ ಕಾಲವನ್ನು ಕುರಿತ ನಮ್ಮ ತೀರ್ಮಾನಗಳೂ ಅದಿಲ್ಲದೆಯೇ ರೂಪುಗೊಳ್ಳುತ್ತವೆ. ಮೇಲಿನ ಎರಡು ಅಭಿಪ್ರಾಯಗಳು ಬೇರೂರುವುದಕ್ಕೆ ಇದೂ ಒಂದು ಕಾರಣವಾಗಿರಬಹುದು. ಚಲಚ್ಚಿತ್ರವನ್ನು ಇತಿಹಾಸದ ಆಕರವಾಗಿ ಬಳಸುವ ವಿದ್ಯಾರ್ಥಿಗಳು, ಒಂದು ಯುಗದ ಕಲೆಯನ್ನು ಕುರಿತು ನಿರ್ಣಯವನ್ನು ಕೊಡುವ ಮುನ್ನ, ಆ ಯುಗದ ಯಾವ ಚಿತ್ರಗಳು ನೋಡುವುದಕ್ಕೆ ಉಳಿದಿದ್ದವು, ಯಾವುವು ಉಳಿದಿರಲಿಲ್ಲ ಎಂಬುದನ್ನು ಮೊದಲು ವಿಚಾರಿಸುವುದು ಯುಕ್ತವೆಂದು ನಾವು ಭಾವಿಸುತ್ತೇವೆ.